ಬಾಡಿಗೆಯಿಲ್ಲದ ಕೋಣೆ, ಮನೆಯಲ್ಲೊಂದು ಜೊತೆ: ಪತ್ರ ಹೇಗೆ ಬರೆಸಬೇಕು

ಮಕ್ಕಳು ಬೆಂಗಳೂರಿನಲ್ಲಿ, ತುಮಕೂರಿನ ಮನೆಯಲ್ಲಿ ಅಜ್ಜಿ ಒಬ್ಬರೇ. ಪಾವಗಡದಿಂದಲೋ ಶಿರಾದಿಂದಲೋ ಓದಲು ಬಂದ ಹುಡುಗಿಗೆ ಒಂದು ಕೋಣೆ ಬಿಟ್ಟುಕೊಟ್ಟರೆ ಅಜ್ಜಿಗೆ ರಾತ್ರಿ ಜೊತೆಯಾಗುತ್ತದೆ, ಹುಡುಗಿಗೆ ಪಿಜಿ ಖರ್ಚು ಉಳಿಯುತ್ತದೆ. ಆದರೆ ಬಾಯಿಮಾತಿನಲ್ಲೇ ಬಿಡಬೇಡಿ.

ದುಡ್ಡು ತೆಗೆದುಕೊಳ್ಳದಿದ್ದರೆ ಬಾಡಿಗೆಯಲ್ಲ ಎಂದುಕೊಳ್ಳುವುದೇ ದೊಡ್ಡ ತಪ್ಪು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಸೇವೆಯೂ ಬಾಡಿಗೆಯಾಗಬಹುದು. 'ಬಾಡಿಗೆ ಬದಲು ಆರೈಕೆ' ಎಂದು ಬರೆದು, ಬೇರೆ ಬಾಗಿಲಿನ ಔಟ್‌ಹೌಸ್ ಪೂರ್ತಿ ವಹಿಸಿಬಿಟ್ಟರೆ ಆಕೆ ಬಾಡಿಗೆದಾರಳೆಂಬ ವಾದಕ್ಕೆ ಬಲ ಬರುತ್ತದೆ. ಆಮೇಲೆ ಮನೆ ಬಿಡಿಸಲು ಕೋರ್ಟಿಗೆ ಅಲೆಯಬೇಕು. ಪತ್ರದ ತಲೆಬರಹ ಏನೇ ಇರಲಿ, ಜಾಗ ಯಾರ ಹಿಡಿತದಲ್ಲಿತ್ತು ಎಂಬುದನ್ನೇ ಕೋರ್ಟು ನೋಡುತ್ತದೆ.

ಹಾಗಾಗಿ ಲೀವ್ ಅಂಡ್ ಲೈಸೆನ್ಸ್ ಪತ್ರವನ್ನು ಇ-ಸ್ಟ್ಯಾಂಪ್ ಕಾಗದದ ಮೇಲೆ 11 ತಿಂಗಳಿಗೆ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಇದು ಇರಲು ಅನುಮತಿಯಷ್ಟೇ. ಅಜ್ಜಿ ಅದೇ ಮನೆಯಲ್ಲಿರುತ್ತಾರೆ, ಅಡುಗೆಮನೆ ಇಬ್ಬರಿಗೂ ಸೇರಿದ್ದು, ಕೋಣೆಯ ಇನ್ನೊಂದು ಕೀ ಅಜ್ಜಿಯ ಬಳಿಯೇ ಇರುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ. ಮನೆಯ ಖಾತೆ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಬೇಕು.

ರಾತ್ರಿ ಎಷ್ಟು ಗಂಟೆಯೊಳಗೆ ಮನೆ ಸೇರಬೇಕು, ತಿಂಗಳಿಗೆ ಎಷ್ಟು ದಿನ ಊರಿಗೆ ಹೋಗಬಹುದು, ಕರೆಂಟ್ ಬಿಲ್ ಯಾರದು, ಇವೂ ಪತ್ರದಲ್ಲಿರಲಿ. ಎರಡೂ ಕಡೆಗೆ 30 ದಿನದ ನೋಟಿಸ್ ಸಾಕು. ಬಹಳಷ್ಟು ಜನ ಬರೆಯಲು ಮರೆಯುವುದು ಒಂದಿದೆ: ಅಜ್ಜಿ ತೀರಿಕೊಂಡರೆ ಎಷ್ಟು ದಿನದಲ್ಲಿ ಖಾಲಿ ಮಾಡಬೇಕು? ಪರೀಕ್ಷೆಯ ನಡುವೆ ಹುಡುಗಿಯನ್ನು ಬೀದಿಗೆ ಹಾಕುವುದು ಅನ್ಯಾಯ. ಆ ಗಡುವನ್ನು ಉದಾರವಾಗಿಯೇ ಇಡಿ.

ಅಡುಗೆ, ಸ್ನಾನ ಮಾಡಿಸುವುದು ಇಂಥ ಕೆಲಸವಿದ್ದರೆ ಸಂಬಳ ಬೇರೆ ಕೊಡಿ. ಕರ್ನಾಟಕದಲ್ಲಿ ಮನೆಗೆಲಸಕ್ಕೂ ಕನಿಷ್ಠ ವೇತನವಿದೆ, ಕೋಣೆ ಕೊಟ್ಟ ಮಾತ್ರಕ್ಕೆ ಅದು ತೀರುವುದಿಲ್ಲ. ಆಕೆಯ ದುಡ್ಡಿನಲ್ಲಿ ಬಚ್ಚಲುಮನೆ ಕಟ್ಟಿಸಲೂ ಬಿಡಬೇಡಿ: ಕಾಯಂ ಕಟ್ಟಡಕ್ಕೆ ಖರ್ಚು ಮಾಡಿದವರ ಅನುಮತಿಯನ್ನು ರದ್ದು ಮಾಡಲು 1882ರ ಈಸ್‌ಮೆಂಟ್ ಕಾಯ್ದೆಯ 60ನೇ ಸೆಕ್ಷನ್ ಅಡ್ಡ ಬರುತ್ತದೆ.

'ಕೊನೇತನಕ ನೋಡಿಕೊಂಡರೆ ಮನೆ ನಿನಗೇ' ಎಂಬ ಮಾತು ಬೇಡವೇ ಬೇಡ. ದಾನಪತ್ರ ಮಾಡಲೇಬೇಕೆಂದರೆ ಆರೈಕೆಯ ಷರತ್ತು ಅದರಲ್ಲೇ ಇರಲಿ. ಷರತ್ತು ಮುರಿದರೆ 60 ದಾಟಿದವರು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅಡಿ ದಾನಪತ್ರ ರದ್ದು ಮಾಡಿಸಲು ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಹಾಕಬಹುದು. ಜಿಲ್ಲೆಯಲ್ಲಿ ತುಮಕೂರು, ತಿಪಟೂರು, ಮಧುಗಿರಿಯಲ್ಲಿ ಎಸಿ ಕಚೇರಿಗಳಿವೆ. ಷರತ್ತೇ ಇಲ್ಲದ ಪತ್ರವನ್ನು ರದ್ದು ಮಾಡಿಸುವುದು ಕಷ್ಟ.

ಆಧಾರ್ ಪ್ರತಿ, ಆಕೆಯ ಊರಿನ ವಿಳಾಸ, ತಂದೆ-ತಾಯಿಯ ಫೋನ್ ನಂಬರ್ ಇಟ್ಟುಕೊಳ್ಳಿ. ಹಿರಿಯರ ಸಹಾಯವಾಣಿ 14567 ಅನ್ನು ಅಜ್ಜಿಯ ಫೋನಿನಲ್ಲಿ ಸೇವ್ ಮಾಡಿ. 11 ತಿಂಗಳು ಮುಗಿದಾಗ ಹಳೇ ಪತ್ರದಲ್ಲೇ ಮುಂದುವರಿಯದೆ ಹೊಸದು ಬರೆಸಿ.