ವಂಶಾವಳಿಯ ಹುಡುಕಾಟ: ಎಲ್ಲಿಂದ ಆರಂಭಿಸಬೇಕು, ಹೇಗೆ ಖಚಿತಪಡಿಸಿಕೊಳ್ಳಬೇಕು

ವಂಶಾವಳಿಯನ್ನು ಹುಡುಕಲು ಹೊರಟವರಲ್ಲಿ ಅನೇಕರು ಮೇಲಿನಿಂದ ಆರಂಭಿಸುತ್ತಾರೆ. ಮನೆತನದಲ್ಲಿ ಹಿಂದೆ ಇಂಥ ದೊಡ್ಡ ಮನುಷ್ಯರೊಬ್ಬರಿದ್ದರಂತೆ ಎಂಬ ಮಾತನ್ನು ಹಿಡಿದು, ಅವರಿಂದ ತಮ್ಮವರೆಗೆ ಕೊಂಡಿ ಬೆಸೆಯಲು ನೋಡುತ್ತಾರೆ. ಬೇಕಾದ ಉತ್ತರ ಮೊದಲೇ ನಿಶ್ಚಯವಾಗಿರುವುದರಿಂದ ಅದಕ್ಕೆ ಹೊಂದುವ ದಾಖಲೆಗಳಷ್ಟೇ ಅವರ ಕಣ್ಣಿಗೆ ಬೀಳುತ್ತವೆ. ಸರಿಯಾದ ಕ್ರಮ ಇದರ ತದ್ವಿರುದ್ಧ: ನಿಮ್ಮಿಂದಲೇ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಪ್ರತಿ ಹಂತದಲ್ಲೂ ಸಾಬೀತಾಗಬೇಕಾದುದು, ಈ ವ್ಯಕ್ತಿ ಆ ತಂದೆ ತಾಯಿಯ ಮಗ ಅಥವಾ ಮಗಳು ಎಂಬ ಒಂದೇ ಸಂಗತಿ. ನಡುವಿನ ಒಂದು ಕೊಂಡಿ ತಪ್ಪಿದರೂ ಅದರಾಚೆಗೆ ನೀವು ಶ್ರಮಪಟ್ಟು ಕಟ್ಟಿದ್ದೆಲ್ಲ ಬೇರೆ ಯಾರದೋ ವಂಶಾವಳಿಯಾಗಿಬಿಡುತ್ತದೆ.

ಮೊದಲ ಕೆಲಸ ಮನೆಯ ಹಿರಿಯರನ್ನು ಮಾತನಾಡಿಸುವುದು, ಏಕೆಂದರೆ ದಾಖಲೆಗಳು ಕಾಯುತ್ತವೆ, ಹಿರಿಯರ ನೆನಪು ಕಾಯುವುದಿಲ್ಲ. ‘ನಮ್ಮ ವಂಶದ ಬಗ್ಗೆ ಹೇಳಿ’ ಎಂದು ಕೇಳಿದರೆ ಸಿಗುವುದು ಕಥೆ. ಹಳೆಯ ಫೋಟೋ ಒಂದನ್ನು ಮುಂದಿಟ್ಟು, ಇವರು ಯಾರ ಮಗಳು, ಆಗ ಎಲ್ಲಿ ವಾಸವಾಗಿದ್ದರು, ಇವರಿಗಿಂತ ಹಿರಿಯರು ಯಾರು ಎಂದು ಕೇಳಿದರೆ ಮಾಹಿತಿ ಸಿಗುತ್ತದೆ. ಸಂಬಂಧವಾಚಕಗಳ ವಿಷಯದಲ್ಲಿ ಎಚ್ಚರ ಬೇಕು: ಮಾತಿನಲ್ಲಿ ‘ಅಜ್ಜ’ ಎನಿಸಿಕೊಂಡವರು ಅಜ್ಜನ ತಮ್ಮನೂ ಆಗಿರಬಹುದು. ಹೇಳಿದವರ ಹೆಸರನ್ನೂ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. ಅವರು ಅದನ್ನು ಸ್ವತಃ ಕಂಡವರೇ, ಕೇಳಿ ತಿಳಿದವರೇ ಎಂಬುದನ್ನೂ ಸೇರಿಸಿ.

ಹೆಸರುಗಳು ಹೆಚ್ಚಿದಂತೆ ಅವುಗಳಿಗೆ ಸಂಖ್ಯೆ ಕೊಡುವುದು ಅನಿವಾರ್ಯ. ಆಸ್ಟ್ರಿಯದ ಇತಿಹಾಸಕಾರ ಮೈಕೆಲ್ ಐಟ್ಸಿಂಗರ್ 1590ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ: ನೀವು 1, ತಂದೆ 2, ತಾಯಿ 3; ಯಾರದೇ ಸಂಖ್ಯೆಯನ್ನು ಇಮ್ಮಡಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ಹಾಗಾಗಿ ತಾಯಿಯ ತಂದೆ 6, ಅವರ ತಾಯಿ 13. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದು ಸಾಲಿನಲ್ಲೇ 1,024 ಸ್ಥಾನಗಳಿರುತ್ತವೆ. ಸಂಬಂಧಿಕರೊಳಗೆ ಮದುವೆಗಳಾಗಿದ್ದರೆ ಒಬ್ಬರೇ ಎರಡು ಮೂರು ಸ್ಥಾನಗಳಲ್ಲಿ ಕಾಣಿಸಿಕೊಳ್ಳುವುದೂ ಉಂಟು.

ಇನ್ನು ದಾಖಲೆಗಳು. ಇಡೀ ದಾಖಲೆಯನ್ನು ನಂಬುವುದೋ ಬಿಡುವುದೋ ಎಂದು ಕೇಳಿಕೊಳ್ಳುವುದು ವ್ಯರ್ಥ. ಅದರೊಳಗಿನ ಪ್ರತಿಯೊಂದು ಮಾಹಿತಿಯನ್ನೂ ಬೇರೆ ಬೇರೆಯಾಗಿ ತೂಗಬೇಕು. ಒಂದು ಮರಣ ಪ್ರಮಾಣಪತ್ರವನ್ನೇ ನೋಡೋಣ. ಸಾವಿನ ದಿನಾಂಕ ಮತ್ತು ಸ್ಥಳವನ್ನು ಸಾಮಾನ್ಯವಾಗಿ ಹತ್ತಿರವಿದ್ದವರು ಕೆಲವೇ ದಿನಗಳಲ್ಲಿ ವರದಿ ಮಾಡಿರುತ್ತಾರೆ, ಆದ್ದರಿಂದ ಅದಕ್ಕೆ ಬೆಲೆ ಹೆಚ್ಚು. ಅದೇ ಕಾಗದದಲ್ಲಿರುವ ವಯಸ್ಸು ಮತ್ತು ತಂದೆ ತಾಯಿಯ ಹೆಸರನ್ನು ಹೇಳಿದವರು ಅಳಿಯನೋ ನೆರೆಮನೆಯವರೋ ಆಗಿದ್ದರೆ, ಅವರು ಎಂಬತ್ತು ವರ್ಷ ಹಿಂದಿನ ಆ ಜನನವನ್ನು ಕಂಡವರಲ್ಲ. ಮಾಹಿತಿ ಕೊಟ್ಟವರ ಹೆಸರಿರುವ ಅಂಕಣವನ್ನು ಹಲವರು ಓದುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಮೊದಲು ಓದಬೇಕಾದುದು ಅದನ್ನೇ. ಹಾಗೆಯೇ ದಾಖಲೆಗಳನ್ನು ಓದಿ ಟೈಪ್ ಮಾಡಿ ತಯಾರಿಸಿದ ಸೂಚಿಯಲ್ಲಿ ಹೆಸರು ಸಿಕ್ಕಿತೆಂದು ನಿಲ್ಲಬಾರದು. ಮೂಲ ಪುಟದ ಚಿತ್ರವನ್ನು ತೆರೆದು, ಹಿಂದು ಮುಂದಿನ ಪುಟಗಳನ್ನೂ ನೋಡಬೇಕು, ಏಕೆಂದರೆ ಸೂಚಿ ತಯಾರಿಸಿದವರು ಹಳೆಯ ಕೈಬರಹವನ್ನು ತಪ್ಪಾಗಿ ಓದಿರಬಹುದು, ಅಂಚಿನಲ್ಲಿದ್ದ ಟಿಪ್ಪಣಿಯನ್ನು ಬಿಟ್ಟಿರಲೂಬಹುದು.

ಅತ್ಯಂತ ದೊಡ್ಡ ತೊಡಕು ಒಂದೇ ಹೆಸರಿನ ಇಬ್ಬರದು. ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ಹೆಸರಿನ ಇಬ್ಬರು ಇರುವುದು ಅಪರೂಪವೇನಲ್ಲ. ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ಮನೆತನಗಳಲ್ಲಿ ಅಣ್ಣ ತಮ್ಮಂದಿರ ಮಕ್ಕಳೆಲ್ಲ ಒಂದೇ ಹೆಸರು ಹೊತ್ತಿರುತ್ತಾರೆ. ಮೊದಲ ಮಗು ತೀರಿಕೊಂಡಾಗ ಅದೇ ಹೆಸರನ್ನು ಮುಂದಿನ ಮಗುವಿಗೆ ಇಟ್ಟ ಸಂದರ್ಭದಲ್ಲಂತೂ ಜನನ ದಾಖಲೆ ಒಬ್ಬರದು, ವಿವಾಹ ದಾಖಲೆ ಇನ್ನೊಬ್ಬರದು ಆಗಿಬಿಡುತ್ತದೆ. ಇಂಥಲ್ಲಿ ಒಬ್ಬರನ್ನಷ್ಟೇ ಬೆನ್ನಟ್ಟದೆ, ಆ ಹೆಸರಿನ ಎಲ್ಲರಿಗೂ ಒಂದೊಂದು ಹಾಳೆ ತೆರೆದು, ಹೆಂಡತಿಯ ಹೆಸರು, ಕಸುಬು, ವಿಳಾಸ, ಪತ್ರಗಳಿಗೆ ಸಾಕ್ಷಿ ಹಾಕಿದವರು, ಸಹಿ ಮಾಡಿದರೇ ಹೆಬ್ಬೆಟ್ಟು ಒತ್ತಿದರೇ ಎಂಬುದನ್ನೆಲ್ಲ ಕಾಲಕ್ರಮದಲ್ಲಿ ಬರೆಯಿರಿ. ಒಂದು ಪತ್ರದಲ್ಲಿ ಸರಾಗವಾಗಿ ಸಹಿ ಮಾಡಿದವನು ಎರಡು ವರ್ಷದ ನಂತರದ ಪತ್ರದಲ್ಲಿ ಹೆಬ್ಬೆಟ್ಟು ಒತ್ತಿದ್ದರೆ, ಕಾಯಿಲೆಯಂಥ ಕಾರಣವಿಲ್ಲದಿದ್ದಲ್ಲಿ ಅವರು ಇಬ್ಬರೆಂದೇ ಶಂಕಿಸಬೇಕು. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳ ತವರನ್ನು ಪತ್ತೆಹಚ್ಚಲು ಅದೇ ಸಾಕ್ಷಿಗಳ ಸಾಲು ನೆರವಾಗುತ್ತದೆ, ಅಲ್ಲಿ ಅವರ ಅಣ್ಣನೋ ತಮ್ಮನೋ ಇರುವುದುಂಟು.

ದಿನಾಂಕಗಳೂ ಮೋಸ ಮಾಡುತ್ತವೆ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಇಂದು ನಾವು ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾದವು; ಹಳೆಯ ಲೆಕ್ಕ ಇದಕ್ಕಿಂತ ಹನ್ನೊಂದು ದಿನ ಹಿಂದಿತ್ತು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11ರಂದು ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಅವರ ಜನ್ಮದಿನ ಇಂದಿನ ಲೆಕ್ಕದಲ್ಲಿ 1732ರ ಫೆಬ್ರವರಿ 22 ಆಗಿರುವುದು ಇದೇ ಕಾರಣಕ್ಕೆ. ಜನಗಣತಿಯಲ್ಲಿ ನಲವತ್ತು, ಐವತ್ತು, ಅರವತ್ತು ಎಂಬ ಪೂರ್ಣ ವಯಸ್ಸುಗಳೇ ಕಂಡರೆ ಅವು ಅಂದಾಜು ಎಂದು ಭಾವಿಸುವುದು ಲೇಸು.

ಹುಡುಕಿದ್ದು ಸಿಗದಿದ್ದರೆ ಅದು ಇರಲೇ ಇಲ್ಲ ಎಂದಲ್ಲ. ಡಬ್ಲಿನ್‌ನ ಸಾರ್ವಜನಿಕ ದಾಖಲೆಗಳ ಕಚೇರಿ 1922ರಲ್ಲಿ ನಾಶವಾದಾಗ ಐರ್ಲೆಂಡಿನ ಶತಮಾನಗಳ ದಾಖಲೆಗಳು ಹೋದವು. ಅಮೆರಿಕದ 1890ರ ಜನಗಣತಿಯ ಬಹುಪಾಲು ಹಾಳೆಗಳು 1921ರ ಬೆಂಕಿಯ ನಂತರ ಉಳಿಯಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ ಆರಂಭವಾದದ್ದೇ 1837ರಲ್ಲಿ. ನಿಮ್ಮ ಪೂರ್ವಜರು ಬಾಳಿದ ಪ್ರದೇಶದಲ್ಲಿ ಯಾವ ದಾಖಲೆ ಯಾವಾಗ ಶುರುವಾಯಿತು, ಯಾವುದು ನಾಶವಾಯಿತು ಎಂದು ಮೊದಲು ತಿಳಿದುಕೊಂಡರೆ ಉಯಿಲು, ಆಸ್ತಿಪತ್ರ, ಶಾಲಾ ದಾಖಲೆಗಳಂಥ ಪರ್ಯಾಯಗಳತ್ತ ಬೇಗ ತಿರುಗಬಹುದು. ಎಲ್ಲಿ ಹುಡುಕಿ ಏನೂ ಸಿಗಲಿಲ್ಲ ಎಂಬುದನ್ನೂ ಬರೆದಿಡಿ.

ಫ್ಯಾಮಿಲಿಸರ್ಚ್‌ನಂಥ ಉಚಿತ ತಾಣಗಳಲ್ಲಿ ದಾಖಲೆಗಳ ಚಿತ್ರಗಳೂ ಇವೆ, ಬಳಕೆದಾರರು ಕಟ್ಟಿದ ವಂಶವೃಕ್ಷಗಳೂ ಇವೆ. ಎರಡನೆಯದು ಸುಳಿವು ಮಾತ್ರ. ಹತ್ತು ವಂಶವೃಕ್ಷಗಳು ಒಂದೇ ಮಾತು ಹೇಳಿದರೂ ಒಂಬತ್ತು ಜನ ಒಬ್ಬರಿಂದ ನಕಲು ಮಾಡಿರಬಹುದು.

ಡಿಎನ್‌ಎ ಪರೀಕ್ಷೆ ಹತ್ತಿರದ ಸಂಬಂಧಗಳಿಗೆ ಒಳ್ಳೆಯ ಸಾಕ್ಷ್ಯ. ಒಡಹುಟ್ಟಿದವರ ಮಕ್ಕಳು ತಮ್ಮತಮ್ಮಲ್ಲಿ ಸರಾಸರಿ ಶೇ 12.5ರಷ್ಟು ಡಿಎನ್‌ಎಯನ್ನು ಹಂಚಿಕೊಂಡಿರುತ್ತಾರೆ, ಅವರ ಮಕ್ಕಳ ನಡುವೆ ಅದು ಸುಮಾರು ಶೇ 3ಕ್ಕೆ ಇಳಿಯುತ್ತದೆ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ, ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆದರೆ ಈ ಪರೀಕ್ಷೆ ಪೂರ್ವಜರ ಹೆಸರನ್ನು ಹೇಳುವುದಿಲ್ಲ, ಅದನ್ನು ದಾಖಲೆಗಳೇ ಹೇಳಬೇಕು. ಯಾರೂ ನಿರೀಕ್ಷಿಸದ ಸಂಬಂಧ ಹೊರಬೀಳುವ ಸಾಧ್ಯತೆಯಿದೆ ಎಂಬುದನ್ನು ಮಾದರಿ ಕೊಡುವವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಬದುಕಿರುವವರ ವಿವರಗಳನ್ನು ಸಾರ್ವಜನಿಕ ವಂಶವೃಕ್ಷಕ್ಕೆ ಏರಿಸುವುದು ಬೇಡ.

ಪ್ರತಿ ಕೊಂಡಿಗೂ ಒಂದು ಪುಟದ ಟಿಪ್ಪಣಿ ಬರೆಯಿರಿ: ಏನನ್ನು ನೋಡಿದಿರಿ, ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ, ಆ ವಿರೋಧವನ್ನು ಹೇಗೆ ಬಗೆಹರಿಸಿದಿರಿ. ವಿರೋಧ ಬಗೆಹರಿಯದಿದ್ದರೆ ಆ ಹೆಸರಿನ ಮುಂದೆ ‘ಬಹುಶಃ’ ಎಂದು ಬರೆದು, ಅದರಾಚೆಗಿನ ತಲೆಮಾರನ್ನು ಸದ್ಯಕ್ಕೆ ಖಾಲಿ ಬಿಡಿ.