ಷೇರು ಕೊಳ್ಳುವ ಮೊದಲು ಎಂಡಿ ಸಂಬಳ ನೋಡ್ತೀನಿ

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಉಳಿತಾಯದ ಒಂದು ಪಾಲು ಷೇರಿನಲ್ಲಿದೆ. ಆಗಸ್ಟ್ ಬಂತೆಂದರೆ ಇಮೇಲ್ ತುಂಬಾ ಎಜಿಎಂ (ಕಂಪನಿಯ ವಾರ್ಷಿಕ ಷೇರುದಾರರ ಸಭೆ) ನೋಟಿಸ್‌ಗಳು. ಜಾಸ್ತಿ ಜನ ತೆರೆಯದೇ ಅಳಿಸುತ್ತಾರೆ. ನಾನು ಓದುತ್ತೇನೆ, ವೋಟೂ ಹಾಕುತ್ತೇನೆ. ಭಾವಮೈದನಿಗೆ ಇದು ತಮಾಷೆ: "ನಿಮ್ಮ 40 ಷೇರಿನ ವೋಟಿಗೆ ರೇಟು ಏರುತ್ತಾ ಭಾವ?" ಏರಲ್ಲ ಕಣಯ್ಯಾ. ಆದರೆ ವೋಟು ಹಾಕಬೇಕಾದರೆ ನೋಟಿಸ್ ಓದಲೇಬೇಕಲ್ಲ, ನನ್ನ ಲಾಭ ಇರುವುದು ಅಲ್ಲಿ.

ಮೊದಲು ಕಣ್ಣು ಹೋಗುವುದು ಸಂಬಳದ ಕಡೆಗೆ. ಕಂಪನಿ ಕಾಯ್ದೆಯ ಪ್ರಕಾರ ಎಲ್ಲ ನಿರ್ದೇಶಕರಿಗೂ ಸೇರಿ ಕೊಡುವ ಹಣ ನಿವ್ವಳ ಲಾಭದ ಶೇ. 11 ದಾಟಬಾರದು. ಒಬ್ಬರೇ ಎಂಡಿ (ವ್ಯವಸ್ಥಾಪಕ ನಿರ್ದೇಶಕ) ಇದ್ದರೆ ಅವರ ಮಿತಿ ಶೇ. 5. ಆ ಶೇ. 5 ದಾಟಬೇಕಾದರೆ ಷೇರುದಾರರ ವಿಶೇಷ ನಿರ್ಣಯ ಬೇಕು. ಮಿತಿಯೊಳಗಿದೆ ಎಂದು ನಾನು ಸುಮ್ಮನಾಗುವುದಿಲ್ಲ. ಉದ್ದ ಪುಸ್ತಕದಲ್ಲಿ ಐದು ವರ್ಷದ ಲಾಭ ಒಂದು ಕಡೆ, ಎಂಡಿಯ ಸಂಬಳ ಮತ್ತು ಕಮಿಷನ್ (ಲಾಭದಲ್ಲಿ ಅವರಿಗೆ ಕೊಡುವ ಪಾಲು) ಇನ್ನೊಂದು ಕಡೆ ಬರೆದುಕೊಳ್ಳುತ್ತೇನೆ. ಲಾಭದ ಜೊತೆ ಸಂಬಳ ಏರಿದರೆ ನನಗೆ ತಕರಾರಿಲ್ಲ, ಎಷ್ಟು ಕೋಟಿಯಾದರೂ ಸರಿ. ಲಾಭ ಇಳಿದ ವರ್ಷ ಕಮಿಷನ್ ಇಳಿಯಿತಾ? ಅಲ್ಲಿ ಬಣ್ಣ ಬಯಲಾಗುತ್ತದೆ. ಎಂಡಿ ಸಂಬಳ ಸಾಮಾನ್ಯ ನೌಕರರ ಮಧ್ಯದ ಸಂಬಳಕ್ಕಿಂತ (ಎಲ್ಲರ ಸಂಬಳ ಸಾಲಾಗಿ ಇಟ್ಟರೆ ನಟ್ಟನಡುವೆ ಬರುವುದು) ಎಷ್ಟು ಪಟ್ಟು ಎಂಬುದನ್ನೂ ನಿರ್ದೇಶಕರ ವರದಿಯಲ್ಲಿ ಕೊಡಬೇಕು. ಆ ಪಟ್ಟು ವರ್ಷ ವರ್ಷ ಹೇಗೆ ಹೋಗುತ್ತಿದೆ ಅನ್ನುವುದಷ್ಟೇ ನನಗೆ ಬೇಕು.

ಆಮೇಲೆ ಮಗ, ಅಳಿಯ, ಸೊಸೆ. ನಿರ್ದೇಶಕರ ಸಂಬಂಧಿಕರಿಗೆ ತಿಂಗಳಿಗೆ 2.5 ಲಕ್ಷಕ್ಕಿಂತ ಜಾಸ್ತಿ ಸಂಬಳದ ಹುದ್ದೆ ಕೊಡಬೇಕಾದರೆ ಷೇರುದಾರರನ್ನು ಕೇಳಬೇಕು. ಇಂಥ ನಿರ್ಣಯ ಕಂಡರೆ ಆ ಹುಡುಗ ಏನು ಓದಿದ್ದಾನೆ, ಎಲ್ಲಿ ಕೆಲಸ ಮಾಡಿದ್ದಾನೆ ಎಂದು ನೋಟಿಸ್‌ನ ಕೊನೆಯ ವಿವರಣೆಯಲ್ಲಿ ಹುಡುಕುತ್ತೇನೆ. ಬಹಳ ಸಲ ಎರಡು ಸಾಲು ಇರುತ್ತದೆ, ಅಷ್ಟೇ.

ಬೋರ್ಡಿನ (ನಿರ್ದೇಶಕರ ಮಂಡಳಿಯ) ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡ ಹೆಸರುಗಳಿಂದ ಏನೂ ತಿಳಿಯುವುದಿಲ್ಲ ಎನ್ನುವುದಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಸಾಕ್ಷಿ. 2008ರ ಡಿಸೆಂಬರ್ 16ರಂದು ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಕುಟುಂಬದ ಎರಡು ಮೈತಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳಲು ಆ ಬೋರ್ಡ್ ಒಪ್ಪಿತು. ಹಾರ್ವರ್ಡ್ ಪ್ರೊಫೆಸರ್ ಕೂಡ ಆ ಬೋರ್ಡಿನಲ್ಲಿದ್ದರು. ಷೇರುದಾರರನ್ನು ಕೇಳಲಿಲ್ಲ. ನ್ಯೂಯಾರ್ಕ್‌ನಲ್ಲಿ ರೇಟು ಅರ್ಧಕ್ಕಿಂತ ಕೆಳಗೆ ಬಿತ್ತು. ಕೆಲವೇ ಗಂಟೆಯಲ್ಲಿ ಯೋಜನೆ ಕೈಬಿಟ್ಟರು. 2009ರ ಜನವರಿ 7ರಂದು ಲೆಕ್ಕವೇ ಸುಳ್ಳು ಎಂದು ರಾಜು ಒಪ್ಪಿಕೊಂಡ ದಿನ ಮುಂಬೈನಲ್ಲಿ ಷೇರು ಮುಕ್ಕಾಲು ಪಾಲಿಗಿಂತ ಜಾಸ್ತಿ ಕರಗಿತು. ಹಾಗಾಗಿ ನಾನು ನೋಡುವುದು ಬೋರ್ಡ್ ಸಭೆಗೆ ನಿರ್ದೇಶಕರ ಹಾಜರಾತಿ. ಜೊತೆಗೆ ಯಾವ ಸ್ವತಂತ್ರ (ಮಾಲೀಕರ ಕಡೆಯವರಲ್ಲದ) ನಿರ್ದೇಶಕರು ಅವಧಿಗೆ ಮೊದಲೇ ಬಿಟ್ಟರು, ಆಡಿಟರ್ ನಡುವೆ ಎದ್ದು ಹೋದರಾ ಅನ್ನುವುದು.

ಇನ್ನು ವೋಟಿನ ಲೆಕ್ಕ. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಜಾಸ್ತಿ ಸಾಕು, ವಿಶೇಷ ನಿರ್ಣಯಕ್ಕೆ ಬಿದ್ದ ವೋಟಿನಲ್ಲಿ ಶೇ. 75 ಬೇಕು. ಬುಲೆಟ್ ಬೈಕಿನ ಐಷರ್ ಮೋಟಾರ್ಸ್‌ನಲ್ಲಿ 2021ರ ಆಗಸ್ಟ್‌ನಲ್ಲಿ ಎಂಡಿ ಸಿದ್ಧಾರ್ಥ ಲಾಲ್ ಅವರ ಮರುನೇಮಕಕ್ಕೆ ಸುಮಾರು ಶೇ. 73 ವೋಟು ಬಿತ್ತು, ಬಿದ್ದುಹೋಯಿತು! ಸಂಬಳದ ಮಿತಿ ಇಳಿಸಿ ಮತ್ತೆ ಕೇಳಿದ ಮೇಲೆ ಪಾಸಾಯಿತು. ಪ್ರೊಮೋಟರ್ (ಕಂಪನಿಯ ಹಿಡಿತ ಇಟ್ಟುಕೊಂಡ ಮುಖ್ಯ ಮಾಲೀಕರು) ಜೊತೆಗಿನ ವ್ಯವಹಾರವಾದರೆ ಅವರು ಪರವಾಗಿ ವೋಟು ಹಾಕುವಂತೆಯೇ ಇಲ್ಲ. 2024ರಲ್ಲಿ ನೆಸ್ಲೆ ಇಂಡಿಯಾ ತನ್ನ ಸ್ವಿಸ್ ಮಾತೃ ಕಂಪನಿಗೆ ಕೊಡುವ ರಾಯಲ್ಟಿಯನ್ನು (ಬ್ರಾಂಡ್, ತಂತ್ರಜ್ಞಾನ ಬಳಸುವುದಕ್ಕೆ ಕೊಡುವ ಹಣ) ಮಾರಾಟದ ಶೇ. 4.5ರಿಂದ 5.25ಕ್ಕೆ ಏರಿಸಲು ಹೋಗಿ ಸೋತದ್ದು ಹೀಗೆ.

ಇದಕ್ಕೂ ರೇಟಿಗೂ ಏನು ಸಂಬಂಧ ಅಂತೀರಾ? ಇನ್ಫೋಸಿಸ್ ನೋಡಿ. 2017ರ ಏಪ್ರಿಲ್‌ನಲ್ಲಿ ಕಾರ್ಯಾಚರಣೆ ಮುಖ್ಯಸ್ಥ ಪ್ರವೀಣ್ ರಾವ್ ಅವರ ಸಂಬಳ ಏರಿಕೆಗೆ ಸ್ಥಾಪಕ ನಾರಾಯಣಮೂರ್ತಿ ಬಹಿರಂಗವಾಗಿಯೇ ಬೇಡ ಎಂದರು. ನಿರ್ಣಯವೇನೋ ಪಾಸಾಯಿತು, ಆದರೆ ಸುಮಾರು ಮೂರರಲ್ಲೊಂದು ಪಾಲು ವೋಟು ವಿರುದ್ಧ ಬಿದ್ದಿತ್ತು. ಆಗಸ್ಟ್ 18ಕ್ಕೆ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು, ಒಂದೇ ದಿನದಲ್ಲಿ ಷೇರು ಶೇ. 10ರ ಹತ್ತಿರ ಕುಸಿಯಿತು. ಸ್ಥಾಪಕರಿಗೂ ಬೋರ್ಡಿಗೂ ಸರಿ ಇಲ್ಲ ಎಂಬ ಸುದ್ದಿ ನಾಲ್ಕು ತಿಂಗಳ ಮೊದಲೇ ಆ ವೋಟಿನ ಅಂಕಿಯಲ್ಲಿತ್ತು. ಅದಕ್ಕೇ ಫಲಿತಾಂಶವನ್ನು ಪಾಸು, ಫೇಲು ಎಂದು ಓದಿ ಬಿಡಬಾರದು. ಷೇರು ಎಕ್ಸ್‌ಚೇಂಜಿನ ವೆಬ್‌ಸೈಟಿನಲ್ಲಿ ಪ್ರೊಮೋಟರ್, ಸಂಸ್ಥೆಗಳು (ಮ್ಯೂಚುವಲ್ ಫಂಡ್, ವಿಮಾ ಕಂಪನಿಯಂಥವು), ಉಳಿದ ಸಾರ್ವಜನಿಕರು ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ. ಸಂಸ್ಥೆಗಳ ಸಾಲು ನೋಡಿ.

ಹಾಗೆ ನೋಡಿಯೇ ನಾನು ಒಂದು ಕಂಪನಿಯಲ್ಲಿ ಅರ್ಧ ಷೇರು ಮಾರಿದೆ. ಲಾಭ ಕುಗ್ಗಿತ್ತು, ಎಂಡಿ ಸಂಬಳ ಹಿಗ್ಗಿತ್ತು. ಪ್ರೊಮೋಟರ್ ಬಲದಿಂದ ನಿರ್ಣಯ ಪಾಸು, ಸಂಸ್ಥೆಗಳ ಬಹುಪಾಲು ವೋಟು ವಿರುದ್ಧ. ನಾನು ಮಾರಿದ ಮೇಲೂ ಅದು ಏರಿತು. ಏರಲಿ ಬಿಡಿ, ಬೇರೆಯವರಿಗೂ ಲಾಭ ಬೇಡವಾ? ಒಳ್ಳೆ ಬೋರ್ಡ್ ಇದೆ ಎಂದು ರೇಟು ಏರುತ್ತದೆ ಅಂತ ನಾನು ಯಾವ ಷೇರನ್ನೂ ಕೊಂಡಿಲ್ಲ. ಮಾರ್ಕೆಟ್ ಏರುವಾಗ ಎಲ್ಲ ಎಂಡಿಗಳೂ ಜಾಣರೇ. ಈ ಓದು ನನಗೆ ಉಪಯೋಗಕ್ಕೆ ಬಂದಿರುವುದು ಯಾವುದನ್ನು ಕೊಳ್ಳಬಾರದು, ಯಾವುದರಲ್ಲಿ ಪಾಲು ಕಡಿಮೆ ಮಾಡಬೇಕು ಅನ್ನುವುದಕ್ಕೆ.

ವೋಟು ಹಾಕುವುದು ಸುಲಭ. ನಮ್ಮ ಷೇರುಗಳ ಲೆಕ್ಕ ಇಡುವ ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್‌ನ ವೆಬ್‌ಸೈಟಿನಲ್ಲಿ ಡಿಮ್ಯಾಟ್ (ಷೇರು ಖಾತೆ) ವಿವರ ಕೊಟ್ಟು ಓಟಿಪಿಯಿಂದ ಒಳಗೆ ಹೋದರೆ ಪಟ್ಟಿ ಬರುತ್ತದೆ. ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ, ಮಂಡಿಯಲ್ಲಿ ಹರಾಜಿನ ದಿನವಾದರೆ ಹಿಂದಿನ ರಾತ್ರಿಯೇ ಮುಗಿಸಿರುತ್ತೇನೆ. ಏನು ಮಾಡಬೇಕೆಂದು ತೋಚದ ನಿರ್ಣಯವಿದ್ದರೆ ಮ್ಯೂಚುವಲ್ ಫಂಡ್‌ಗಳ ವೆಬ್‌ಸೈಟಿಗೆ ಹೋಗುತ್ತೇನೆ. ಅವರು ಎಲ್ಲ ನಿರ್ಣಯಕ್ಕೂ ವೋಟು ಹಾಕಲೇಬೇಕು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ ಮಾಡಿದೆ. ಹೇಗೆ ಹಾಕಿದರು, ಯಾಕೆ ಹಾಕಿದರು ಎಂದೂ ಪ್ರಕಟಿಸಬೇಕು. ಅದೇ ಕಂಪನಿಯ ಹಿಂದಿನ ವರ್ಷದ ಕಾರಣಗಳನ್ನು ಓದಿದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ.