ಕಿವಿಗೆ ಮೆಷಿನ್ ಇದ್ದರೆ ಸಾಕಾ?

ನಮ್ಮದು ಮಲೆನಾಡಿನ ಸರ್ಕಾರಿ ಶಾಲೆ. ನನ್ನ ಐದನೇ ತರಗತಿಗೆ ಕಿವಿಗೆ ಮೆಷಿನ್ ಹಾಕಿಕೊಂಡ ಹುಡುಗಿಯೊಬ್ಬಳು ಸೇರಿದಳು. ಮೆಷಿನ್ ಇದೆಯಲ್ಲ, ಎಲ್ಲ ಕೇಳಿಸುತ್ತೆ ಬಿಡಿ ಎಂದರು ಜೊತೆಯವರು. ಕನ್ನಡಕ ಹಾಕಿದಂತಲ್ಲ ಅದು. ಪಾಠದ ಜೊತೆ ಫ್ಯಾನಿನ ಸದ್ದನ್ನೂ ಡೆಸ್ಕ್ ಎಳೆಯುವ ಸದ್ದನ್ನೂ ಜೋರು ಮಾಡುತ್ತದೆ. ಹಾಗಾಗಿ ಮೊದಲು ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಡೆಸ್ಕು, ಬೆಂಚುಗಳ ಕಾಲಿಗೆಲ್ಲ ಕಟ್ಟಿದೆವು. ಮಕ್ಕಳಿಗಂತೂ ಅದೇ ಒಂದು ಹಬ್ಬ. ತಗಡಿನ ಮೇಲೆ ಮಳೆ ಹೊಡೆಯುವಾಗ ಮಾತ್ರ ಏನೂ ಮಾಡಲಾಗದು. ಆಗ ಪಾಠ ನಿಲ್ಲಿಸಿ ಬರೆಯುವ ಕೆಲಸ ಕೊಡುತ್ತೇನೆ.

ಇಂಥ ಮಕ್ಕಳನ್ನು ಮುಂದಿನ ಬೆಂಚಲ್ಲೇ ಕೂರಿಸಿ ಎನ್ನುತ್ತಾರೆ. ನಾನು ಎರಡನೇ ಸಾಲಿನ ತುದಿಯಲ್ಲಿ, ಗೋಡೆ ಪಕ್ಕ ಕೂರಿಸಿದೆ. ತೀರಾ ಮುಂದೆ ಕೂತರೆ ಮೇಷ್ಟ್ರ ಮುಖ ಕಾಣುತ್ತದೆ, ಹಿಂದಿನಿಂದ ಉತ್ತರ ಹೇಳಿದವರು ಕಾಣುವುದಿಲ್ಲ. ಯಾವ ಕಿವಿಗೆ ಎಷ್ಟು ಕೇಳುತ್ತದೆ ಎಂದು ತೋರಿಸುವ ಆಡಿಯೋಗ್ರಾಂ ನೋಡಿ, ಚೆನ್ನಾಗಿ ಕೇಳುವ ಕಿವಿ ತರಗತಿಯ ಕಡೆ ಇರುವಂತೆ ನೋಡಿಕೊಂಡೆ. ನಾನು ಕಿಟಕಿಗೆ ಬೆನ್ನು ಹಾಕಿ ನಿಲ್ಲುವುದಿಲ್ಲ. ಬೆಳಕು ಹಿಂದಿನಿಂದ ಬಂದರೆ ತುಟಿ ಕಾಣಲ್ಲ. ಬೋರ್ಡಿನ ಮೇಲೆ ಬರೆಯುವಾಗ ಬಾಯಿ ಮುಚ್ಚಿರುತ್ತೇನೆ, ತಿರುಗಿದ ಮೇಲೆಯೇ ಮಾತು. ಕಿರುಚುವುದೂ ಇಲ್ಲ, ಕಿರುಚಿದರೆ ತುಟಿಯ ಆಕಾರವೇ ಕೆಡುತ್ತದೆ.

ಜಾಸ್ತಿ ತಲೆ ಕೆಡಿಸಿದ್ದು ಉಕ್ತಲೇಖನ. ಕನ್ನಡಿ ಮುಂದೆ ನಿಂತು, ದನಿ ತೆಗೆಯದೆ ಪರ, ಬರ, ಮರ ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಕೂಡುವುದು ಒಂದೇ ಥರ. ಕ, ಗ ಅಂತೂ ಬಾಯೊಳಗೆ ಹಿಂದೆಲ್ಲೋ ಹುಟ್ಟುತ್ತವೆ, ಹೊರಗೆ ಸುಳಿವೇ ಇಲ್ಲ. ಒಂಟಿ ಪದ ಹೇಳಿ, ಆಕೆ ಮರದ ಬದಲು ಬರ ಎಂದು ಬರೆದರೆ ಕೆಂಪು ಗೆರೆ ಎಳೆಯುವುದು ಯಾವ ನ್ಯಾಯ? ಈಗ ಇಡೀ ತರಗತಿಗೆ ವಾಕ್ಯವನ್ನೇ ಕೊಡುತ್ತೇನೆ: ‘ಅಂಗಳದ ಮರ ಗಾಳಿಗೆ ಬಿತ್ತು.’ ಗಾಳಿಗೆ ಬರ ಬೀಳಲ್ಲ ಅಂತ ಅವಳಿಗೂ ಗೊತ್ತು, ಅಲ್ವಾ?

‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಸುಮ್ನೆ ತಲೆಯಾಡಿಸಿಬಿಡುತ್ತಾಳೆ. ‘ಈಗ ಏನು ಮಾಡಬೇಕು, ಹೇಳು’ ಎಂದರೆ ಎಷ್ಟು ತಲುಪಿದೆ ಎಂದು ತಿಳಿಯುತ್ತದೆ.

ಸೀಮೆಸುಣ್ಣದ ಡಬ್ಬಿಯಲ್ಲಿ ಮೆಷಿನ್ನಿನ ಬ್ಯಾಟರಿ ಇಟ್ಟಿರುತ್ತೇನೆ. ಕುಯ್ ಎಂಬ ಸದ್ದು ಪದೇ ಪದೇ ಬಂದರೆ ಕಿವಿಯ ಅಚ್ಚು, ಅಂದರೆ ಕಿವಿಯೊಳಗೆ ಕೂರುವ ಮೆಷಿನ್ನಿನ ಭಾಗ, ಸಡಿಲವಾಗಿರಬಹುದು. ಮಕ್ಕಳು ಬೆಳೆದಂತೆ ಅಚ್ಚು ಬದಲಿಸಬೇಕು. ಅದನ್ನು ನಮ್ಮ ಬಿಐಇಆರ್‌ಟಿ ಮೇಡಂಗೆ, ಅಂದರೆ ಇಂಥ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕಿಗೆ, ತಿಳಿಸುತ್ತೇನೆ.

ಮೊನ್ನೆ ತಾಯಿ ಬಂದಿದ್ದರು. ‘ಹಿಂದಿ, ಇಂಗ್ಲಿಷ್ ಬಿಡಿಸಬಹುದಂತಲ್ಲ ಮೇಷ್ಟ್ರೇ?’ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಎರಡನೇ, ಮೂರನೇ ಭಾಷೆಯ ವಿನಾಯಿತಿಯ ಮಾತಿದೆ, ಪರೀಕ್ಷೆಗೆ ಹೆಚ್ಚುವರಿ ಸಮಯದ್ದೂ ಇದೆ. ಆದರೆ ಇಂಗ್ಲಿಷ್ ಓದುವುದೆಂದರೆ ಇವಳಿಗೆ ಇಷ್ಟ. ‘ಈಗಲೇ ಬೇಡಮ್ಮ, ಹೈಸ್ಕೂಲಿಗೆ ಹೋದಾಗ ಅವಳನ್ನೇ ಕೇಳೋಣ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾತ್ರ ಈಗಲೇ ಮಾಡಿಸಿಡಿ’ ಎಂದೆ.